ಜಾಮೀನುದಾರನಿಲ್ಲದ ಸಾಲ

ನಮ್ಮ ಹಿರಿಯರು ಬಡ್ಡಿಯನ್ನು ರೂಪಾಯಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಅಷ್ಟು ಎಂದು ಅರ್ಥ. ಎರಡು ರೂಪಾಯಿ ಎಂದಾಗ ಸಾಲ ಕೇಳಲು ಹೋದವರು ಒಂದು ಕ್ಷಣ ಯೋಚಿಸುತ್ತಿದ್ದರು. ಮೂರು ರೂಪಾಯಿಯ ಮೇಲೆ ಹೋದರೆ, ತೀರ ಗತಿಯಿಲ್ಲದವರ ಹೊರತು ಉಳಿದವರು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹಿಂದಿರುಗುತ್ತಿದ್ದರು. ಇಂದು ನಮ್ಮ ಮನೆಗಳ ಯುವಕ ಯುವತಿಯರು ಜೇಬಿನಲ್ಲಿಟ್ಟುಕೊಂಡು ತಿರುಗುವ ಕ್ರೆಡಿಟ್ ಕಾರ್ಡುಗಳಲ್ಲಿ ಬಹುಪಾಲಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆಯಿಂದ ಮೂರೂಮುಕ್ಕಾಲು ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡಾ 42ರಿಂದ 45. ಆ ಬಡ್ಡಿಯ ಮೇಲೆ ಶೇಕಡಾ 18ರಷ್ಟು ಸರಕು ಮತ್ತು ಸೇವಾ ತೆರಿಗೆ ಬೇರೆ. ಇದೇ ದರವನ್ನು ಬೀದಿಯ ಲೇವಾದೇವಿಗಾರನೊಬ್ಬ ಕೇಳಿದ್ದರೆ ನಾವು ಅವನನ್ನು ರಕ್ತ ಹೀರುವವನೆಂದು ಜರೆಯುತ್ತಿದ್ದೆವು. ಹೊಳೆಯುವ ಕಾರ್ಡಿನಲ್ಲಿ ಬಂದಾಗ ಮಾತ್ರ ಅದನ್ನು ಮಗನಿಗೆ ದೊರೆತ ಗೌರವವೆಂದು ಭಾವಿಸುತ್ತೇವೆ.

ಕಾರ್ಡು ಸ್ವತಃ ಕೆಟ್ಟದ್ದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಕಟ್ಟುವವನಿಗೆ ಅದು ಒಂದೂವರೆ ತಿಂಗಳವರೆಗೆ ಬಡ್ಡಿಯಿಲ್ಲದ ಕೈಗಡ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ, ಊರಿಗೆ ತುರ್ತಾಗಿ ಹೊರಡಬೇಕಾದಾಗ ಅದರಿಂದ ಉಪಕಾರವುಂಟು. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ನಮ್ಮ ದೇಶದಲ್ಲಿ ಮೊದಲ ಕ್ರೆಡಿಟ್ ಕಾರ್ಡನ್ನು ತಂದಾಗ ಅದು ಸಿರಿವಂತರ ವಸ್ತುವಾಗಿತ್ತು. 2024ರಲ್ಲಿ ದೇಶದಲ್ಲಿನ ಕಾರ್ಡುಗಳ ಸಂಖ್ಯೆ ಹತ್ತು ಕೋಟಿ ದಾಟಿತು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಮೊಬೈಲಿನ ಯುಪಿಐಗೆ ಜೋಡಿಸಲು ಅವಕಾಶವಾದ ಮೇಲಂತೂ ಶಿವಮೊಗ್ಗದ ಗಾಂಧಿ ಬಜಾರಿನ ಸಣ್ಣ ಅಂಗಡಿಯಲ್ಲಿಯೂ ಚೌಕಾಕಾರದ ಕ್ಯೂಆರ್ ಸಂಕೇತಕ್ಕೆ ಮೊಬೈಲು ಹಿಡಿದು ಸಾಲದಲ್ಲಿ ವ್ಯಾಪಾರ ಮಾಡಬಹುದಾಗಿದೆ. ಕೈಯಲ್ಲಿರುವ ಹಣ ಯಾವುದು, ಕಡ ತಂದ ಹಣ ಯಾವುದು ಎಂಬ ಭೇದ ಬೆರಳಿಗೆ ತಿಳಿಯದಂತಾಗಿದೆ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಬಡ್ಡಿಯ ದರವೂ ಅಲ್ಲ, ಸಾಲದ ಸುಲಭತೆಯೂ ಅಲ್ಲ. ಈ ಸಾಲಕ್ಕೆ ಸಾಕ್ಷಿಯಿಲ್ಲದಿರುವುದು.

ಭದ್ರಾವತಿಯ ಹಳೆಯ ದಿನಗಳನ್ನು ಬಲ್ಲವರು ಒಮ್ಮೆ ನೆನಪಿಸಿಕೊಳ್ಳಲಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆ, ಈ ಎರಡರ ಸಂಬಳವನ್ನು ನಂಬಿ ಬೆಳೆದ ಊರು ಅದು. ಕಾರ್ಮಿಕನಿಗೆ ಸಾಲ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ನೌಕರರ ಪತ್ತಿನ ಸಂಘದ ಸಾಲ, ದಿನಸಿ ಅಂಗಡಿಯ ಉದ್ರಿ, ಚೀಟಿ ವ್ಯವಹಾರ, ಹಬ್ಬದ ಮುಂಗಡ ಎಲ್ಲವೂ ಇದ್ದವು. ಆದರೆ ಅವೆಲ್ಲವೂ ಕಣ್ಣಿಗೆ ಕಾಣುವಂತಿದ್ದವು. ಸಂಘದಲ್ಲಿ ಸಾಲ ಪಡೆಯಲು ಪಕ್ಕದ ಯಂತ್ರದಲ್ಲಿ ದುಡಿಯುವ ಗೆಳೆಯನ ಜಾಮೀನು ಸಹಿ ಬೇಕಿತ್ತು. ಸಹಿ ಹಾಕುವ ಮುನ್ನ ಆತ, ಈಗ ಇದು ಬೇಕೇನಯ್ಯಾ ಎಂದು ಕೇಳದೆ ಬಿಡುತ್ತಿರಲಿಲ್ಲ. ಸಂಬಳದ ಚೀಟಿಯಲ್ಲಿ ಕಡಿತ ಕಾಣುತ್ತಿತ್ತು. ಅದನ್ನು ಮನೆಯಾಕೆ ನೋಡುತ್ತಿದ್ದಳು. ಅಂಗಡಿಯ ಖಾತೆ ಪುಸ್ತಕ ತುಂಬಿದರೆ ಅಂಗಡಿಯವನೇ, ಅಮ್ಮಾವ್ರೇ ಈ ತಿಂಗಳು ಸ್ವಲ್ಪ ಜಾಸ್ತಿಯಾಯಿತು ಎನ್ನುತ್ತಿದ್ದ. ಇಂತಹ ಮಾತು ಮುಜುಗರ ತರುತ್ತಿದ್ದುದು ನಿಜ. ಆ ಮುಜುಗರವೇ ಎಷ್ಟೋ ಮನೆಗಳಿಗೆ ಬೇಲಿಯೂ ಆಗಿತ್ತು.

ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಪ್ರಕಟವಾಗಿ, ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದುದನ್ನು ನಾವೆಲ್ಲ ಕಂಡಿದ್ದೇವೆ. ತಂದೆ ದುಡಿದ ಗೇಟಿನೊಳಗೆ ಮಗನೂ ದುಡಿಯುವ ಕಾಲ ಮುಗಿಯಿತು. ನಮ್ಮ ಮಕ್ಕಳು ಬೆಂಗಳೂರಿಗೆ ಹೋದರು, ಕೆಲವರು ಇನ್ನೂ ದೂರ ಹೋದರು. ಮೊದಲ ಸಂಬಳದ ಖಾತೆ ತೆರೆದ ಕೆಲವೇ ತಿಂಗಳಲ್ಲಿ ಬ್ಯಾಂಕಿನಿಂದ ಕಾರ್ಡಿನ ಕರೆ ಬರುತ್ತದೆ. ಇಪ್ಪತ್ತೆರಡರ ಹರೆಯದ ಹುಡುಗನಿಗೆ ಒಂದು ಲಕ್ಷ ರೂಪಾಯಿಯ ಮಿತಿ ದೊರೆಯುತ್ತದೆ. ಜಾಮೀನು ಕೇಳುವವರಿಲ್ಲ, ಮನೆಯವರ ಸಹಿ ಬೇಕಿಲ್ಲ, ಈಗ ಇದು ಬೇಕೇ ಎಂದು ಕೇಳುವ ಗೆಳೆಯನೂ ಇಲ್ಲ. ತಂದೆ ತಾಯಿಗೆ ವಿಷಯ ತಿಳಿಯುವುದು ವಸೂಲಿಯವರ ಕರೆ ಮನೆಗೆ ಬಂದಾಗ.

ಇಲ್ಲಿ ನಾವು ಹಿರಿಯರೂ ಒಂದು ಮಾತು ಕೇಳಿಸಿಕೊಳ್ಳಬೇಕು. ಯುವಜನರ ಸಾಲವೆಂದೊಡನೆ ದುಬಾರಿ ಮೊಬೈಲು, ಬೈಕು, ಹೋಟೆಲು, ಪ್ರವಾಸ ಎಂದು ಪಟ್ಟಿ ಮಾಡಿ ಬೈಯುವುದು ನಮ್ಮ ಅಭ್ಯಾಸ. ಅದರಲ್ಲಿ ಸತ್ಯಾಂಶವಿದೆ. ತಿಂಗಳಿಗೆ ಇಪ್ಪತ್ತೆರಡು ಸಾವಿರ ಸಂಬಳದವನು ಅರವತ್ತು ಸಾವಿರದ ಮೊಬೈಲನ್ನು ಕಂತಿನಲ್ಲಿ ಕೊಳ್ಳುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಆದರೆ ಬೆಂಗಳೂರಿನಲ್ಲಿ ಕೆಲಸವಿರುವ ಮಗ ಎಂಬ ಹೆಮ್ಮೆಯಿಂದ ಮನೆಯವರು ಅವನ ಮೇಲೆ ಹೊರಿಸುವ ಭಾರದ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ತಂಗಿಯ ಮದುವೆಗೆ ಹಾಲಿನ ಮುಂಗಡ, ತಮ್ಮನ ಪ್ರಥಮ ಪರಮಪ್ರಸಾದಕ್ಕೆ ಬಟ್ಟೆ ಬರೆ ಮತ್ತು ಊಟ, ಕ್ರಿಸ್ಮಸ್ಸಿಗೆ ಎಲ್ಲರಿಗೂ ಉಡುಗೊರೆ, ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ. ಇಷ್ಟು ಹಣ ನಿನ್ನಲ್ಲಿದೆಯೇ ಎಂದು ಕೇಳುವವರು ಕಡಿಮೆ. ಇಲ್ಲ ಎನ್ನಲು ಅವನಿಗೆ ನಾಚಿಕೆ. ನಗುನಗುತ್ತಾ ಕಾರ್ಡು ಉಜ್ಜಿ ಬಿಡುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವನಿಗೆ ಬುದ್ಧಿ ಹೇಳುವ ನಾವೇ ಆ ಹಾಸಿಗೆಯ ಮೇಲೆ ನಾಲ್ವರು ಕುಳಿತಿರುತ್ತೇವೆ.

ಇನ್ನು ಈ ಸಾಲ ಬೆಳೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ಬಿಲ್ಲಿನಲ್ಲಿ ಎರಡು ಮೊತ್ತಗಳಿರುತ್ತವೆ: ಒಟ್ಟು ಬಾಕಿ ಮತ್ತು ಕನಿಷ್ಠ ಪಾವತಿ. ಕನಿಷ್ಠ ಪಾವತಿ ಕಟ್ಟಿದರೆ ತಡಪಾವತಿಯ ದಂಡವಿಲ್ಲ, ಬ್ಯಾಂಕಿನ ಕರೆಗಳಿಲ್ಲ. ಎಲ್ಲವೂ ಸರಿಯಾಗಿದೆ ಎಂಬ ಭಾವನೆ ಬರುತ್ತದೆ. ನಲವತ್ತು ಸಾವಿರ ರೂಪಾಯಿ ಬಾಕಿಯಿದ್ದು, ಬಡ್ಡಿ ಮೂರೂವರೆ ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ತಿಂಗಳ ಬಡ್ಡಿ 1,400 ರೂ. ಅದರ ಮೇಲಿನ ತೆರಿಗೆ 252 ರೂ. ಆತ 2,000 ರೂ. ಕಟ್ಟಿದರೆ ಅಸಲಿನಲ್ಲಿ ಕಳೆಯುವುದು ಕೇವಲ 348 ರೂ. ಮುಂದೆ ಕಾರ್ಡನ್ನು ಒಮ್ಮೆಯೂ ಬಳಸದೆ ತಿಂಗಳು ತಿಂಗಳೂ 2,000 ರೂ. ಕಟ್ಟುತ್ತಾ ಹೋದರೂ ಸಾಲ ತೀರಲು 44 ತಿಂಗಳು ಬೇಕು. ಒಟ್ಟು ಕಟ್ಟುವ ಹಣ ಸುಮಾರು 86 ಸಾವಿರ. ಅದೇ ಸಾಲಕ್ಕೆ ತಿಂಗಳಿಗೆ 5,000 ರೂ. ಕಟ್ಟಿದರೆ ಹತ್ತು ತಿಂಗಳಲ್ಲಿ ಮುಗಿಯುತ್ತದೆ. ಒಟ್ಟು ಐವತ್ತು ಸಾವಿರವೂ ಆಗುವುದಿಲ್ಲ. ಕನಿಷ್ಠ ಪಾವತಿಯನ್ನಷ್ಟೇ ಕಟ್ಟುತ್ತಿದ್ದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಓದುವವರು ಎಷ್ಟು ಮಂದಿಯೋ!

ಬಾಕಿ ಉಳಿದ ತಿಂಗಳಿನಿಂದ ಇನ್ನೊಂದು ಪೆಟ್ಟು ಆರಂಭವಾಗುತ್ತದೆ. ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿರಹಿತ ಅವಧಿ ಇರುವುದಿಲ್ಲ. ಈ ದಿನ ಕೊಂಡ ಅಕ್ಕಿಗೆ ಈ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರಂತೂ ಬಾಕಿ ಇರಲಿ ಬಿಡಲಿ, ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಪ್ರತ್ಯೇಕ ಶುಲ್ಕ. ಬಡ್ಡಿಯಿಲ್ಲದ ಕಂತು ಎಂಬ ಜಾಹೀರಾತಿನ ಬಗ್ಗೆಯೂ ಹೇಳಬೇಕು. ದುರ್ಗಿಗುಡಿಯ ಅಂಗಡಿಗಳಲ್ಲಿ ಹಬ್ಬದ ಸಮಯದಲ್ಲಿ ಆ ಫಲಕಗಳನ್ನು ಕಾಣದವರಿಲ್ಲ. ಶೂನ್ಯ ಬಡ್ಡಿ ಎಂಬುದೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಆ ಬಡ್ಡಿ ಬೆಲೆಯೊಳಗೋ, ಬಿಟ್ಟುಕೊಟ್ಟ ರಿಯಾಯಿತಿಯೊಳಗೋ, ಶುಲ್ಕದ ಹೆಸರಿನಲ್ಲೋ ಅಡಗಿರುತ್ತದೆ.

ಸರ್ಕಾರವೋ ನ್ಯಾಯಾಲಯವೋ ಈ ಬಡ್ಡಿಗೆ ಕಡಿವಾಣ ಹಾಕುವುದೆಂದು ಕಾದು ಕುಳಿತುಕೊಳ್ಳುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಪಡೆಯುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪಿತ್ತಿತ್ತು. ಬ್ಯಾಂಕುಗಳು ಮೇಲ್ಮನವಿ ಸಲ್ಲಿಸಿದವು. 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ರಾಜ್ಯ ಸರ್ಕಾರ 2025ರಲ್ಲಿ ಕಿರುಸಾಲದ ಕಿರುಕುಳದ ವಿರುದ್ಧ ತಂದ ಕಾನೂನು ಸಹ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕುಗಳಿಗೆ ಅನ್ವಯಿಸುವುದಿಲ್ಲ. ಮೀಟರ್ ಬಡ್ಡಿಯವನ ಮೇಲೆ ಪೊಲೀಸರಿಗೆ ದೂರು ಕೊಡಬಹುದು. ಮೂರೂಮುಕ್ಕಾಲು ರೂಪಾಯಿಯ ಕಾರ್ಡಿನ ಬಡ್ಡಿ ಕಾನೂನುಬದ್ಧ.

ಧರ್ಮಸಭೆಗೆ ಬಡ್ಡಿಯ ಪ್ರಶ್ನೆ ಹೊಸದಲ್ಲ. ಸಾಲ ಕೊಟ್ಟ ಮಾತ್ರಕ್ಕೆ ಅಸಲಿಗಿಂತ ಹೆಚ್ಚು ಕೇಳುವ ಹಕ್ಕು ಹುಟ್ಟುವುದಿಲ್ಲವೆಂದು 1745ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ವಿಶ್ವಪತ್ರ ಬರೆದರು. ಆದರೆ ಖಂಡನೆಯಿಂದ ಬಡವನ ಒಲೆ ಉರಿಯುವುದಿಲ್ಲವೆಂಬುದನ್ನು ಅವರಿಗೂ ಮೂರು ಶತಮಾನ ಮೊದಲೇ ಇಟಲಿಯ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅರಿತಿದ್ದರು. 1462ರಲ್ಲಿ ಪೆರೂಜಾ ನಗರದಲ್ಲಿ ದಯಾನಿಧಿಯೊಂದನ್ನು ತೆರೆದು, ಅಡವಿನ ಮೇಲೆ ಬಡವರಿಗೆ ಅಲ್ಪ ಶುಲ್ಕದಲ್ಲಿ ಸಾಲ ಕೊಡುವ ವ್ಯವಸ್ಥೆ ಮಾಡಿದರು. ವಿರೋಧ ಬಂತು, ವಾದ ನಡೆಯಿತು. ಕೊನೆಗೆ 1515ರಲ್ಲಿ ಲ್ಯಾಟರನ್ ಮಹಾಸಭೆ ಅಂತಹ ನಿಧಿಗಳಿಗೆ ಮನ್ನಣೆ ನೀಡಿತು. ನಮ್ಮ ನಾಡಿನಲ್ಲಿಯೂ ಇದೇ ಬುದ್ಧಿ ಕೆಲಸ ಮಾಡಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ಕಟ್ಟಿದ ಸಹಕಾರ ಸಂಸ್ಥೆ ಇಂದಿಗೂ ಎಂಸಿಸಿ ಬ್ಯಾಂಕಾಗಿ ನಡೆಯುತ್ತಿದೆ. ಇವೆಲ್ಲದರಲ್ಲಿ ಸಾಲ ಪಡೆಯುವವನನ್ನು ಮುಖತಃ ಬಲ್ಲವರೇ ಸಾಲ ಕೊಡುತ್ತಿದ್ದರೆಂಬುದನ್ನು ಗಮನಿಸಬೇಕು. ಈತ ಯಾರ ಮಗ, ಎಷ್ಟು ದುಡಿಯುತ್ತಾನೆ, ಹಣ ಏತಕ್ಕೆ ಬೇಕು ಎಂಬುದು ಅವರಿಗೆ ಗೊತ್ತಿರುತ್ತಿತ್ತು.

ಈಗಾಗಲೇ ಸಿಕ್ಕಿಬಿದ್ದಿರುವವರ ಮಾತಿಗೆ ಬರೋಣ. ಅಂತಹ ತರುಣನೋ ತರುಣಿಯೋ ಇದನ್ನು ಓದುತ್ತಿದ್ದರೆ, ಮೊದಲು ಆಗಬೇಕಾದ್ದು ಕಾರ್ಡಿನ ಬಳಕೆ ನಿಲ್ಲುವುದು. ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡನ್ನು ತಡೆಹಿಡಿಯುವ ಸೌಲಭ್ಯವಿದೆ. ಯುಪಿಐನಿಂದಲೂ ಖರೀದಿಯ ಆ್ಯಪುಗಳಿಂದಲೂ ಅದನ್ನು ಕಳಚಿಹಾಕಬೇಕು. ಆಮೇಲೆ ಒಂದು ಹಾಳೆಯಲ್ಲಿ ಯಾವ ಕಾರ್ಡಿಗೆ ಎಷ್ಟು ಬಾಕಿ, ಎಷ್ಟು ಬಡ್ಡಿ ಎಂದು ಬರೆಯಬೇಕು. ಹೆಚ್ಚಿನವರು ಇದನ್ನು ಮಾಡಿರುವುದೇ ಇಲ್ಲ, ಭಯ. ಒಟ್ಟು ಮೊತ್ತವನ್ನು ನೋಡಲು ಧೈರ್ಯವಿಲ್ಲದೆ ಒಂದು ಕಾರ್ಡಿನಿಂದ ಇನ್ನೊಂದನ್ನು ತುಂಬುತ್ತಾರೆ; ಅಂಗಡಿಯಲ್ಲಿ ಕಾರ್ಡು ಉಜ್ಜಿ ಕಮಿಷನ್ ಕೊಟ್ಟು ನಗದು ಪಡೆಯುತ್ತಾರೆ; ಕೊನೆಗೆ ಮೊಬೈಲಿನ ಸಾಲದ ಆ್ಯಪಿನ ಬಾಗಿಲು ತಟ್ಟುತ್ತಾರೆ. ಅಲ್ಲಿಂದ ಮುಂದೆ ಸಾಲಗಾರನಿಗೆ ತನ್ನ ಸಾಲವೆಷ್ಟೆಂಬುದೇ ತಿಳಿಯುವುದಿಲ್ಲ.

ಆ ಹಾಳೆಯನ್ನು ಮನೆಯಲ್ಲಿ ಒಬ್ಬರಿಗಾದರೂ ತೋರಿಸಬೇಕು. ನನ್ನ ದೃಷ್ಟಿಯಲ್ಲಿ ಬಡ್ಡಿ ಕಟ್ಟುವುದಕ್ಕಿಂತಲೂ ಕಷ್ಟವಾದದ್ದು ಇದೇ. ಆದರೆ ಇದರ ಲಾಭವನ್ನು ರೂಪಾಯಿಯಲ್ಲಿಯೇ ಎಣಿಸಬಹುದು. ಚಿನ್ನದ ಮೇಲಿನ ಸಾಲ ಬ್ಯಾಂಕಿನಲ್ಲಾಗಲಿ ಸಹಕಾರ ಸಂಘದಲ್ಲಾಗಲಿ ಸಾಮಾನ್ಯವಾಗಿ ಒಂದು ರೂಪಾಯಿ ಬಡ್ಡಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಮೂರೂವರೆ ರೂಪಾಯಿಯ ಸಾಲವನ್ನು ಒಂದು ರೂಪಾಯಿಯ ಸಾಲಕ್ಕೆ ಬದಲಾಯಿಸಿಕೊಂಡರೆ ಅರ್ಧ ಯುದ್ಧ ಗೆದ್ದಂತೆ. ಅದಕ್ಕೆ ಅಮ್ಮನ ಬಳೆ ಬೇಕು. ಅಮ್ಮನಿಗೆ ವಿಷಯ ತಿಳಿಯದೆ ಬಳೆ ದೊರೆಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಬಳೆ ಅಡವಿಟ್ಟು ಕಾರ್ಡು ತೀರಿಸಿ, ಖಾಲಿಯಾದ ಆ ಕಾರ್ಡನ್ನು ಮತ್ತೆ ತುಂಬಿಸಿದವನಿಗೆ ಸಾಲ ಎರಡಾಗುತ್ತದೆ. ತೀರಿದ ಕಾರ್ಡನ್ನು ಮುಚ್ಚಿಸಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಮುಚ್ಚಬೇಕು; ತಪ್ಪಿದರೆ ದಿನಕ್ಕೆ 500 ರೂ. ದಂಡವನ್ನು ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು.

ಚಿನ್ನವಿಲ್ಲದ ಮನೆಗಳೂ ಇವೆ. ಅಂತಹವರು ಬ್ಯಾಂಕಿಗೆ ಲಿಖಿತವಾಗಿ ಪತ್ರ ಬರೆದು, ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಪರಿವರ್ತಿಸುವಂತೆ ಕೇಳಬಹುದು. ಹಲವು ಬ್ಯಾಂಕುಗಳು ಒಪ್ಪುತ್ತವೆ, ಏಕೆಂದರೆ ಹಣ ಬಾರದೇ ಹೋಗುವುದಕ್ಕಿಂತ ನಿಧಾನವಾಗಿ ಬರುವುದು ಅವರಿಗೂ ಲೇಸು. ಹಲವು ಕಾರ್ಡುಗಳಿದ್ದರೆ ಎಲ್ಲಕ್ಕೂ ಕನಿಷ್ಠ ಪಾವತಿ ಕಟ್ಟಿ, ಉಳಿದ ಹಣವನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಕಾರ್ಡಿಗೆ ಸುರಿಯುವುದು ಲೆಕ್ಕಕ್ಕೆ ಸರಿಯಾದ ದಾರಿ. ಅತಿ ಸಣ್ಣ ಸಾಲವನ್ನು ಮೊದಲು ಮುಗಿಸಿದರೆ ಮನಸ್ಸಿಗೆ ಬಲ ಬರುತ್ತದೆನ್ನುವವರಿದ್ದಾರೆ. ಅವರೊಂದಿಗೆ ನಾನು ಜಗಳವಾಡುವುದಿಲ್ಲ. ಅರ್ಧ ಹಣ ಕಟ್ಟಿ ಇತ್ಯರ್ಥ ಮಾಡಿಕೊಳ್ಳಿ ಎಂಬ ಕರೆ ಬಂದಾಗ ಮಾತ್ರ ತಾಳ್ಮೆಯಿಂದ ಯೋಚಿಸಬೇಕು. ಸಿಬಿಲ್ ವರದಿಯಲ್ಲಿ ಪೂರ್ಣ ತೀರಿದೆ ಎಂಬುದರ ಬದಲು ಇತ್ಯರ್ಥವಾಯಿತು ಎಂಬ ಗುರುತು ಉಳಿಯುತ್ತದೆ. ಮುಂದೆ ಮನೆಯ ಸಾಲ ಕೇಳಿದಾಗ ಅದು ಅಡ್ಡಬರುತ್ತದೆ. ಬೇರೆ ದಾರಿಯೇ ಇಲ್ಲದವನು ಇತ್ಯರ್ಥಕ್ಕೆ ಒಪ್ಪುವುದಾದರೆ, ಪತ್ರ ಕೈಗೆ ಬರುವವರೆಗೆ ಹಣ ಕಟ್ಟಬಾರದು.

ವಸೂಲಿಯವರ ಬಗ್ಗೆ ನಮ್ಮ ಮನೆಗಳಲ್ಲಿ ಅತಿಯಾದ ಭಯವಿದೆ. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಅವರು ಕರೆ ಮಾಡುವಂತಿಲ್ಲ. ಸಾಲಗಾರನ ಮನೆಯವರನ್ನೂ ಗೆಳೆಯರನ್ನೂ ಪೀಡಿಸುವಂತಿಲ್ಲ, ಸಾರ್ವಜನಿಕವಾಗಿ ಅವಮಾನಿಸುವಂತಿಲ್ಲ. ಇದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಕೊಟ್ಟ ಸೂಚನೆ. ಕಾರ್ಡಿನ ಹಣ ಕಟ್ಟಲಾಗದೆ ಹೋದ ಮಾತ್ರಕ್ಕೆ ಪೊಲೀಸರು ಬಂದು ಹಿಡಿದೊಯ್ಯುವುದಿಲ್ಲ. ಅದು ಸಿವಿಲ್ ವ್ಯಾಜ್ಯ. ಚೆಕ್ಕು ಕೊಟ್ಟು ಅದು ತಿರಸ್ಕೃತವಾದರೆ ಬೇರೆ ಮಾತು. ವಯಸ್ಕ ಮಗನ ಕಾರ್ಡಿನ ಸಾಲಕ್ಕೆ ಸಹಿ ಹಾಕದ ತಂದೆ ಹೊಣೆಗಾರನಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಸಾಲದ ಅವಮಾನಕ್ಕೆ ಹೆದರಿ ಬದುಕೇ ಬೇಡವೆನಿಸುವ ರಾತ್ರಿ ಯಾರಿಗಾದರೂ ಬಂದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಕಳೆದುಹೋದ ಮಗ ಹಿಂದಿರುಗುವಾಗ ಲೆಕ್ಕ ಕೇಳದೆ ಎದುರು ಓಡಿಬಂದ ತಂದೆಯ ಸಾಮತಿಯನ್ನು ನಾವು ಎಷ್ಟು ಭಾನುವಾರ ಕೇಳಿದ್ದೇವೆ! ಸಾಲದ ಹಾಳೆಯನ್ನು ಹಿಡಿದು ಮಗ ಎದುರು ನಿಂತಾಗ ಮೊದಲ ಅರ್ಧ ಗಂಟೆಯಾದರೂ ಬೈಯದೆ ಇರುವುದು ತಂದೆ ತಾಯಿಯರ ಪಾಲಿನ ಕರ್ತವ್ಯ.

ಧರ್ಮಕೇಂದ್ರಗಳಿಗೆ ಒಂದೆರಡು ಸಲಹೆಗಳಿವೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ನಮ್ಮವರು ಅನೇಕರಿದ್ದಾರೆ. ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಅವರಲ್ಲಿ ಇಬ್ಬರು ಒಂದು ಕೋಣೆಯಲ್ಲಿ ಕುಳಿತು, ಬಂದವರ ಬಿಲ್ಲನ್ನು ಗುಟ್ಟಾಗಿ ಓದಿ, ಬ್ಯಾಂಕಿಗೆ ಬರೆಯಬೇಕಾದ ಪತ್ರವನ್ನು ಬರೆದುಕೊಟ್ಟರೆ ಸಾಕು. ಹಣ ಕೊಡಬೇಕಿಲ್ಲ. ಕೊಡಲೂ ಬಾರದು ಎಂದೇ ನನ್ನ ಅಭಿಪ್ರಾಯ. ಹಣ ಕೈ ಬದಲಾಯಿಸಿದ ದಿನ ಆ ಕೋಣೆಯ ನಂಬಿಕೆ ಕೆಡುತ್ತದೆ. ಹಳ್ಳಿಯಂತೆ ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಸಮುದಾಯದಲ್ಲಿ ಗುಟ್ಟು ಉಳಿಯುವುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಾಗಿ ಭದ್ರಾವತಿಯವರು ಶಿವಮೊಗ್ಗಕ್ಕೂ ಶಿವಮೊಗ್ಗದವರು ಭದ್ರಾವತಿಗೂ ಹೋಗಲಿ. ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ.

ಇನ್ನೊಂದು, ವಿವಾಹಪೂರ್ವ ಸಿದ್ಧತಾ ಶಿಬಿರ. ಅಲ್ಲಿ ದಾಂಪತ್ಯ, ಆರೋಗ್ಯ, ಮಕ್ಕಳ ಪಾಲನೆ ಎಲ್ಲದರ ಬಗ್ಗೆಯೂ ಉಪನ್ಯಾಸಗಳಾಗುತ್ತವೆ. ಮದುವೆಯ ಮರುತಿಂಗಳು ಗಂಡನ ಮೂರು ಕಾರ್ಡುಗಳ ಬಾಕಿಯನ್ನೋ, ಹೆಂಡತಿಯ ಸಾಲದ ಕಂತನ್ನೋ ಕಂಡು ಕಂಗೆಡುವುದಕ್ಕಿಂತ ಮೊದಲೇ ತಿಳಿಯುವುದು ಮೇಲಲ್ಲವೇ? ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ತಮ್ಮ ಸಾಲದ ಇತಿಹಾಸದ ವರದಿಯನ್ನು ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಿಂದ ಉಚಿತವಾಗಿ ಪಡೆಯಬಹುದು. ವಧೂವರರು ಶಿಬಿರಕ್ಕೆ ಬರುವಾಗ ತಮ್ಮ ತಮ್ಮ ವರದಿಯನ್ನು ತಂದು, ಬೇರಾರಿಗೂ ತೋರಿಸದೆ, ಪರಸ್ಪರ ಬದಲಾಯಿಸಿಕೊಂಡು ಓದುವ ಹತ್ತು ನಿಮಿಷವನ್ನು ಕಾರ್ಯಕ್ರಮದಲ್ಲಿ ಇಡಬಹುದು. ಕಾರ್ಡಿಗೆ ಜಾಮೀನು ಸಹಿ ಕೇಳದ ಬ್ಯಾಂಕಿನ ಬದಲು, ಜೀವನದ ಸಂಗಾತಿಯಾಗಲಿರುವವರೇ ಆ ಪ್ರಶ್ನೆಯನ್ನು ಕೇಳುವಂತಾಗಲಿ. ಮುಂದಿನ ಶಿಬಿರದ ಪಟ್ಟಿ ತಯಾರಿಸುವ ಗುರುಗಳೂ ಪಾಲನಾ ಸಮಿತಿಯವರೂ ಈ ಹತ್ತು ನಿಮಿಷವನ್ನು ಊಟದ ವಿರಾಮಕ್ಕೆ ಮೊದಲೇ ಇಟ್ಟರೆ, ಊಟದ ಹೊತ್ತಿನಲ್ಲಿ ಅವರಿಬ್ಬರಿಗೆ ಮಾತನಾಡಲು ಸಮಯವೂ ಸಿಗುತ್ತದೆ.